"ಔಷಧಿ" ಅಂದರೆ ಯಾವ ಔಷಧಿ? ಆಸ್ಪತ್ರೆಗೆ ಬರುವಾಗ ಬಾಟಲಿಯನ್ನೂ ಮಾತ್ರೆಯ ಸ್ಟ್ರಿಪ್ಪನ್ನೂ ತನ್ನಿ

ರಾತ್ರಿಪಾಳಿ ಸಿಸ್ಟರ್, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ನಮ್ಮಲ್ಲಿ ನಡೆದ ಒಂದು ವಿಷಯವನ್ನು ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ.

ಸಂಜೆ ಏಳೂವರೆ ಹೊತ್ತಿಗೆ ಐವತ್ತು ದಾಟಿದ ರೈತರೊಬ್ಬರನ್ನು ಆಟೋದಲ್ಲಿ ಕರೆತಂದರು. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ದಾರಿಯಲ್ಲೇ ಎರಡು ಸಲ ವಾಂತಿ ಆಗಿತ್ತು. ಹೆಂಡತಿಯನ್ನು ಕೇಳಿದೆ.

"ಏನಾಯ್ತಮ್ಮಾ?"
"ಬೆಳಿಗ್ಗೆಯಿಂದ ಔಷಧಿ ಹೊಡೀತಿದ್ರು ಸಿಸ್ಟರ್."
"ಯಾವ ಔಷಧಿ?"
"ಕಳೆ ಔಷಧಿ. ರಾಗಿ ಹೊಲಕ್ಕೆ."
"ಮಾತ್ರೆ ಏನಾದ್ರೂ ತಗೋತಾರಾ?"
"ಹೂಂ, ಔಷಧಿ ತಗೋತಾರೆ. ಬಿಳೀದು, ಸಣ್ಣದು."

ನಾಡಿ ಹಿಡಿದೆ. ನಿಮಿಷಕ್ಕೆ 46. ನಾಡಿ ಇಷ್ಟು ನಿಧಾನ ಆಗಲು ಎರಡು ದಾರಿ ಇತ್ತು. ಕೆಲವು ಕೀಟನಾಶಕಗಳು ಹೃದಯದ ಬಡಿತವನ್ನು ಇಳಿಸುತ್ತವೆ. ಬಿಪಿಗೆ ಕೊಡುವ ಅಟೆನೊಲಾಲ್ ತರಹದ ಮಾತ್ರೆಯೂ ಇಳಿಸುತ್ತದೆ. ಇವರ ಮೈಯಲ್ಲಿ ಯಾವುದು ಕೆಲಸ ಮಾಡುತ್ತಿದೆ? ಎರಡಕ್ಕೂ ಅವರ ಮನೆಯಲ್ಲಿ ಒಂದೇ ಹೆಸರು, ಔಷಧಿ.

ಟಾರ್ಚ್ ಹಾಕಿ ಕಣ್ಣು ನೋಡಿದೆವು. ಪಾಪೆ ಸೂಜಿ ಮೊನೆಯಷ್ಟಾಗಿತ್ತು. ಅಂಗಿ ಕತ್ತರಿಸಿ ತೆಗೆದಾಗ ಬೆನ್ನಿನ ಕಡೆ ಪೂರ್ತಿ ಒದ್ದೆ. ಬೆವರಲ್ಲ, ಕಟುವಾದ ವಾಸನೆ. ಬೆನ್ನಿಗೆ ಹಾಕುವ ಪಂಪು ಸೋರಿತ್ತು. ಕಳೆನಾಶಕ ಮೈಗೆ ತಾಗಿದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಡಾಕ್ಟರ್ ಕೀಟನಾಶಕ ಅಂತಲೇ ಚಿಕಿತ್ಸೆ ಶುರು ಮಾಡಿದರು. ಮಗನನ್ನು ಬೈಕಿನಲ್ಲಿ ಹೊಲಕ್ಕೆ ಓಡಿಸಿದೆವು. ಮುಕ್ಕಾಲು ಗಂಟೆ ಆದಮೇಲೆ ಫೋನಿಗೆ ಎರಡು ಫೋಟೋ ಬಂತು. ಬೆಳಿಗ್ಗೆ ರಾಗಿಗೆ 2,4-ಡಿ ಅನ್ನುವ ಕಳೆನಾಶಕ. ಮಧ್ಯಾಹ್ನ ಹುಳ ಜಾಸ್ತಿ ಆಗಿದೆ ಅಂತ ಅದೇ ಪಂಪಿನಲ್ಲಿ ಟೊಮೆಟೊಗೆ ಪ್ರೊಫೆನೊಫಾಸ್ ಅನ್ನುವ ಕೀಟನಾಶಕ. ಆಯಮ್ಮನಿಗೆ ಗೊತ್ತಿದ್ದದ್ದು ಬೆಳಗಿನದು ಮಾತ್ರ. ಹಿಂದೆಯೇ ಬಿಳಿ ಮಾತ್ರೆಯ ಸ್ಟ್ರಿಪ್ ಫೋಟೋ ಕೂಡ ಬಂತು. ಅಟೆನೊಲಾಲ್ 50.

ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಗುಂಪಿನವು. ನಮ್ಮ ನರಗಳು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಅದನ್ನು ಒಡೆದುಹಾಕಲು ಒಂದು ಕಿಣ್ವ ಇದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸುದ್ದಿ ನಿಲ್ಲುವುದೇ ಇಲ್ಲ. ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತಲೇ ಇರುತ್ತದೆ, ಎದೆಯೊಳಗೂ ಕಫ ತುಂಬುತ್ತದೆ. ಹುಳ ಸಾಯುವುದೂ ಹೀಗೆಯೇ. ಇದಕ್ಕೆ ಕೊಡುವುದು ಅಟ್ರೋಪಿನ್ ಇಂಜೆಕ್ಷನ್.

ಈಗ ಇದನ್ನು ಪ್ಯಾರಾಕ್ವಾಟ್ ಅನ್ನುವ ಕಳೆನಾಶಕದ ಪಕ್ಕ ಇಟ್ಟು ನೋಡಿ. ಕೀಟನಾಶಕ ತಾಗಿ ಉಸಿರು ಕಟ್ಟುತ್ತಿದ್ದರೆ ಮೊದಲು ಆಕ್ಸಿಜನ್ ಕೊಡಬೇಕು. ಪ್ಯಾರಾಕ್ವಾಟ್ ಹೊಟ್ಟೆಗೆ ಹೋಗಿದ್ದರೆ ಆಕ್ಸಿಜನ್ ಕೊಡುವಾಗ ಕೈ ಬಿಗಿ ಹಿಡಿಯಬೇಕು, ಯಾಕೆಂದರೆ ಆ ವಿಷ ಶ್ವಾಸಕೋಶವನ್ನು ಸುಡುವುದೇ ಆಕ್ಸಿಜನ್ ಬಳಸಿಕೊಂಡು. ಒಂದರಲ್ಲಿ ಜೀವ ಉಳಿಸುವುದು ಇನ್ನೊಂದರಲ್ಲಿ ಹಾನಿಯನ್ನು ಜಾಸ್ತಿ ಮಾಡಬಹುದು. ಬಾಗಿಲಲ್ಲಿ ನಮಗೆ ಕೇಳಿಸುವುದು ಮಾತ್ರ ಎರಡಕ್ಕೂ ಒಂದೇ ಮಾತು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಬರುವಾಗ ಬಾಟಲಿ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತನ್ನಿ. ಆಗದಿದ್ದರೆ ಲೇಬಲ್ಲಿನ ಫೋಟೋ ಸಾಕು. ದಿನಾ ತೆಗೆದುಕೊಳ್ಳುವ ಮಾತ್ರೆಯ ಸ್ಟ್ರಿಪ್ ಕೂಡ ಬೇಕು, ನಾಟಿ ಔಷಧಿ ಇದ್ದರೆ ಅದೂ ಬೇಕು. ಹೊರಡುವ ಮುಂಚೆ ಒದ್ದೆ ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ಮೈ ತೊಳೆಯಿರಿ. ತೊಳೆಯುವವರ ಕೈಗೆ ಕವರಾದರೂ ಇರಲಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಕಷ್ಟ ಎರಡಾಗುತ್ತದೆ.

ಮುಳಬಾಗಿಲು ಟೊಮೆಟೊ

ಅಕ್ಕ, ನಮ್ಮ ಕಡೆ ಇದು ಇನ್ನೂ ಕಷ್ಟ. ಮನೆಯಲ್ಲಿ ತೆಲುಗು ಮಾತಾಡುವವರು "ಮಂದು" ಅನ್ನುತ್ತಾರೆ. ಜ್ವರಕ್ಕೆ ತಗೊಳ್ಳೋದೂ ಮಂದು, ತೋಟಕ್ಕೆ ಹೊಡೆಯೋದೂ ಮಂದು, ಕುಡಿಯೋ ಸಾರಾಯಿಯೂ ಮಂದು. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದ ಅಣ್ಣ ತೋಟದಲ್ಲೇ ತೂರಾಡಿ ಬಿದ್ದಿದ್ದ. ನೋಡಿದವರು "ಮಂದು ಜಾಸ್ತಿಯಾಗಿದೆ, ಮಲಗಲಿ ಬಿಡು" ಅಂದರು. ಅವನು ಆವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ. ಬೆಳಿಗ್ಗೆಯಿಂದ ಪಂಪು ಹೊತ್ತಿದ್ದ. ಅವನ ತಮ್ಮ ಬಾಯಿ ಹತ್ತಿರ ಮೂಗಿಟ್ಟು ನೋಡಿ, ಇದು ಹೆಂಡದ ವಾಸನೆ ಅಲ್ಲ ಅಂತ 108ಕ್ಕೆ ಫೋನ್ ಮಾಡಿದ. ಅಣ್ಣ ಬದುಕಿದ. ಆ ಅರ್ಧ ಗಂಟೆ ಸುಮ್ನೆ ಮಲಗಿಸಿದ್ದೆವಲ್ಲ ಅನ್ನೋದು ನನಗೆ ಈಗಲೂ ನೋವು.

ಕೃಷಿ ಓದುವ ಹುಡುಗಿ, ಚಿಕ್ಕಬಳ್ಳಾಪುರ

ಸಿಸ್ಟರ್ ಹೇಳಿದ್ದಕ್ಕೆ ಹೊಲದ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಕಳೆ ಔಷಧಿ ಅಂದರೂ ಒಂದೇ ವಸ್ತು ಅಲ್ಲ. ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಕೇಳಿಬರುವುದು ಮೂರು. ಮೂರೂ ಗಿಡವನ್ನು ಕೊಲ್ಲುವ ರೀತಿ ಬೇರೆ ಬೇರೆ. ಬಾಟಲಿ ಸಿಗದೇ ಹೋದರೂ ಹೊಲದ ಕಳೆ ನೋಡಿ ಸ್ವಲ್ಪ ಊಹಿಸಬಹುದು.

ಬೆಳಿಗ್ಗೆ ಹೊಡೆದು ಸಂಜೆಗೆಲ್ಲ ಎಲೆ ಬೆಂಕಿ ತಾಗಿದಂತೆ ಕಂದಿದ್ದರೆ ಪ್ಯಾರಾಕ್ವಾಟ್ ಇರಬಹುದು. ಎಲೆ ಬಿಸಿಲಿನಿಂದ ಆಹಾರ ಮಾಡುವಾಗ ಎಲೆಕ್ಟ್ರಾನ್‌ಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತಿರುತ್ತವೆ. ಪ್ಯಾರಾಕ್ವಾಟ್ ಮಧ್ಯೆ ನುಗ್ಗಿ ಆ ಎಲೆಕ್ಟ್ರಾನನ್ನು ಕಸಿದು ಆಕ್ಸಿಜನ್‌ಗೆ ಕೊಡುತ್ತದೆ. ಹಾಗೆ ಹುಟ್ಟುವ ಸೂಪರ್‌ಆಕ್ಸೈಡ್ ಎಲೆಯ ಜೀವಕೋಶವನ್ನು ಹರಿದುಹಾಕುತ್ತದೆ. ಬಿಸಿಲು ಜಾಸ್ತಿ ಇದ್ದಷ್ಟೂ ಬೇಗ ಸುಡುತ್ತದೆ. ನಮ್ಮ ಶ್ವಾಸಕೋಶದ ಜೀವಕೋಶಗಳು ಈ ವಿಷವನ್ನು ತಾವಾಗಿಯೇ ಒಳಗೆಳೆದು ಕೂಡಿಸಿಕೊಳ್ಳುತ್ತವೆ. ಅಲ್ಲಿ ಆಕ್ಸಿಜನ್‌ಗೆ ಬರವಿಲ್ಲ. ಎಲೆಯಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಸಿಸ್ಟರ್ ಆಕ್ಸಿಜನ್ ಬಗ್ಗೆ ಹೇಳಿದ್ದು ಇದಕ್ಕೇ. ಇದಕ್ಕೆ ಪ್ರತಿವಿಷ ಇಲ್ಲ. ಕೇರಳ 2011ರಲ್ಲೇ ಇದನ್ನು ನಿಲ್ಲಿಸಿತು. ನಮ್ಮಲ್ಲೂ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ವಾರ ಏನೂ ಆಗದೆ ಆಮೇಲೆ ನಿಧಾನಕ್ಕೆ ಹಳದಿ ತಿರುಗಿದರೆ ಗ್ಲೈಫೋಸೇಟ್. ಕೊನ್ನಾರಿ ಗಡ್ಡೆಗೆ, ಗರಿಕೆಗೆ ಹೊಡೆಯುತ್ತಾರಲ್ಲ, ಅದು. ಗಿಡ ತನಗೆ ಬೇಕಾದ ಮೂರು ಅಮೈನೋ ಆಮ್ಲಗಳನ್ನು ತಾನೇ ತಯಾರಿಸುತ್ತದೆ. ಆ ತಯಾರಿಕೆಯ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಮನುಷ್ಯರಲ್ಲಿ ಆ ಕಿಣ್ವ ಇಲ್ಲ, ನಾವು ಅವನ್ನು ಊಟದಿಂದ ಪಡೆಯುತ್ತೇವೆ. ಹಾಗಂತ ಇದು ನೀರಿನಷ್ಟು ಸಾಧು ಅಂದುಕೊಳ್ಳಬಾರದು. ಎಲೆಗೆ ಅಂಟಲಿ ಅಂತ ಬೆರೆಸುವ ಸೋಪಿನಂಥ ವಸ್ತು ಹೊಟ್ಟೆಗೆ ಹೋದರೆ ಅಪಾಯ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಒಪ್ಪಿಲ್ಲ. ಆ ವಾದ ಇನ್ನೂ ನಡೆದಿದೆ. 2022ರಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಲೈಸೆನ್ಸ್ ಇರುವವರು ಮಾತ್ರ ಇದನ್ನು ಹೊಡೆಯಬೇಕು ಅಂತ ಆದೇಶ ಮಾಡಿತು.

ಮೂರನೆಯದು ರಾಗಿ ಹೊಲದ 2,4-ಡಿ. ಇದು ಗಿಡದ ಬೆಳವಣಿಗೆ ಹಾರ್ಮೋನಿನ ವೇಷ ಹಾಕಿಕೊಂಡು ಒಳಗೆ ಹೋಗುತ್ತದೆ. ಕಾಂಗ್ರೆಸ್ ಗಿಡದಂಥ ಅಗಲ ಎಲೆಯ ಕಳೆ ಹದ ತಪ್ಪಿ ಬೆಳೆದು, ತಿರುಚಿಕೊಂಡು ಸಾಯುತ್ತದೆ. ರಾಗಿ ಹುಲ್ಲಿನ ಜಾತಿ, ತಡೆದುಕೊಳ್ಳುತ್ತದೆ. ಟೊಮೆಟೊ, ದ್ರಾಕ್ಷಿ ತಡೆಯುವುದಿಲ್ಲ.

ಇನ್ನೊಂದು ಮಾತು. ಲೇಬಲ್ಲಿನಲ್ಲಿ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹೆಸರು ಓದಲು ಬಾರದವರು ಫೋನಿನಲ್ಲಿ ಬಣ್ಣ ಹೇಳಿದರೂ ಉಪಯೋಗ ಆಗುತ್ತದೆ.

ಹುಳುಮನೆ, ಶಿಡ್ಲಘಟ್ಟ

ರೇಷ್ಮೆಯವರಿಗೆ ಈ ಪಾಠ ಹುಳುವೇ ಕಲಿಸುತ್ತದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಸೊಪ್ಪು ಹಾಕಿ ಊಟಕ್ಕೆ ಕೂತಿದ್ದೆ. ವಾಪಸ್ ಬಂದು ನೋಡಿದರೆ ಹುಳುಗಳು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಪಕ್ಕದ ತೋಟದಲ್ಲಿ ಹಿಂದಿನ ದಿನ ಹೊಡೆದದ್ದು ಗಾಳಿಗೆ ನಮ್ಮ ಹಿಪ್ಪುನೇರಳೆ ಸಾಲಿಗೆ ಬಂದಿತ್ತು. ಒಂದು ಹುಳುವೂ ಗೂಡು ಕಟ್ಟಲು ಚಂದ್ರಿಕೆ ಹತ್ತಲಿಲ್ಲ. ಈಗ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಅವರು ಏನು ಹೊಡೆದರೂ ಹಿಂದಿನ ರಾತ್ರಿ ಲೇಬಲ್ ಫೋಟೋ ಕಳಿಸುತ್ತಾರೆ. ಆ ಕಡೆಯ ಸಾಲಿನ ಸೊಪ್ಪನ್ನು ನಾನು ಮುಟ್ಟುವುದಿಲ್ಲ.

ಮಾಲೂರು ಮಗ

ಎಲ್ಲ ಸರಿ ಸಿಸ್ಟರ್. ಆದರೆ ನಾವು ಸ್ಟ್ರಿಪ್ ತಂದರೂ ನೋಡುವವರು ಯಾರು? ನಮ್ಮ ತಂದೆ ಒಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಹೆಸರು ಬೇಡ. ಮಾತ್ರೆಗಳ ಚೀಲ ನನ್ನ ಕೈಯಲ್ಲೇ ಇತ್ತು. ಮೂರು ಸಲ ತೋರಿಸಲು ಹೋದೆ. "ಆಮೇಲೆ ಬನ್ನಿ" ಅಂತಲೇ ಆಯಿತು. ಮೂರನೇ ದಿನ ಒಬ್ಬ ಡಾಕ್ಟರ್ ನೋಡಿ, ಒಂದೇ ಮಾತ್ರೆ ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಎರಡೆರಡು ಹೋಗುತ್ತಿದೆ ಅಂತ ನಿಲ್ಲಿಸಿದರು. ಸಿಟ್ಟಿನಿಂದ ಹೇಳುತ್ತಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಆದರೆ ಕೇಳುವವರು ಇಲ್ಲದಿದ್ದರೆ ತಂದು ಏನು ಪ್ರಯೋಜನ ಅಲ್ವಾ?

ರಾತ್ರಿಪಾಳಿ ಸಿಸ್ಟರ್, ಕೋಲಾರ

ಅಣ್ಣ, ನಿಮಗೆ ಆದದ್ದು ತಪ್ಪೇ. ನಮ್ಮವರ ಪರವಾಗಿ ನೆಪ ಹೇಳುವುದಿಲ್ಲ. ಒಳಗೆ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಆವತ್ತಿನ ರೈತರ ವಿಷಯವನ್ನೇ ತೆಗೆದುಕೊಳ್ಳಿ. ಅಟ್ರೋಪಿನ್ ಕೊಡುವುದು ಒಂದು ಸಲ ಚುಚ್ಚಿ ಮುಗಿಯುವ ಕೆಲಸ ಅಲ್ಲ. ಐದು ನಿಮಿಷಕ್ಕೊಮ್ಮೆ ನೋಡಿ, ಸಾಲದಿದ್ದರೆ ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಸ್ಟೆತಾಸ್ಕೋಪ್ ಇಟ್ಟರೆ ಎದೆಯಲ್ಲಿ ಗೊರಗೊರ ಸದ್ದು ಇರಬಾರದು. ನಾಡಿ 80 ದಾಟಬೇಕು. ಕಂಕುಳು ಒಣಗಬೇಕು. ಗ್ಲೌಸ್ ಹಾಕಿದ ಬೆರಳನ್ನು ಕಂಕುಳಿಗೆ ಇಟ್ಟು, ತೆಗೆದು, ಲೈಟಿಗೆ ಹಿಡಿದು ನೋಡುತ್ತೇನೆ. ಬೆರಳು ಹೊಳೆಯುತ್ತಿದ್ದರೆ ಇನ್ನೂ ಬೆವರಿದೆ. ಆ ರಾತ್ರಿ ಆರನೇ ಸಲಕ್ಕೆ ಬೆರಳು ಒಣಗಿ ಬಂತು. ಅವರದು ಅಟೆನೊಲಾಲ್ ಮಾತ್ರೆ ಅಂತ ಅಷ್ಟರಲ್ಲಿ ಗೊತ್ತಾಗಿದ್ದರಿಂದ ನಾಡಿಯೊಂದನ್ನೇ ನಂಬಲಿಲ್ಲ. ಎದೆ, ಕಂಕುಳನ್ನೂ ಜೊತೆಗೆ ನೋಡಿದೆವು. ನಾಡಿ ಏರಲಿಲ್ಲ ಅಂತ ಸುಮ್ನೆ ಡೋಸ್ ಏರಿಸುತ್ತಾ ಹೋಗಿದ್ದರೆ ಅಟ್ರೋಪಿನ್ನೇ ಜಾಸ್ತಿಯಾಗುತ್ತಿತ್ತು. ಅದು ಜಾಸ್ತಿಯಾದರೆ ಜ್ವರ ಬರುತ್ತದೆ, ಮಾತು ತಪ್ಪುತ್ತದೆ, ಇಲ್ಲದ ನೂಲನ್ನು ಹಿಡಿದು ಎಳೆದಂತೆ ಹೊದಿಕೆಯನ್ನು ಕೀಳುತ್ತಾ ಇರುತ್ತಾರೆ. ಅದನ್ನು ಮೊದಲು ಕಾಣುವುದು ಮಂಚದ ಪಕ್ಕ ಇರುವವರಿಗೇ.

ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಇದರ ಮೇಲೆ ಒಂದು ಅಧ್ಯಯನ ಆಗಿದೆ, 2012ರಲ್ಲಿ ಪ್ರಕಟವಾಯಿತು. ಹಳೆಯ ರೀತಿಯಲ್ಲಿ ಅಟ್ರೋಪಿನ್ ಪಡೆದವರಲ್ಲಿ ನೂರಕ್ಕೆ 22.5 ಮಂದಿ ತೀರಿಕೊಂಡರು. ದುಪ್ಪಟ್ಟು ಮಾಡುತ್ತಾ ಹೋಗಿ, ಆಮೇಲೆ ಡ್ರಿಪ್‌ನಲ್ಲಿ ಕೊಟ್ಟವರಲ್ಲಿ ನೂರಕ್ಕೆ 8. ಅದೇ ಔಷಧಿ. ಅಟ್ರೋಪಿನ್ ಮೈಗೆ ಸಾಕಷ್ಟು ಹತ್ತಲು ಮೊದಲಿನವರಿಗೆ ಸರಾಸರಿ 152 ನಿಮಿಷ, ಎರಡನೆಯವರಿಗೆ 24. ಅಟ್ರೋಪಿನ್ ಜಾಸ್ತಿಯಾಗಿ ತೊಂದರೆ ಆದದ್ದೂ ಎರಡನೇ ಗುಂಪಿನಲ್ಲೇ ಕಡಿಮೆ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಹತ್ತಿರ ನಿಂತು ಐದು ನಿಮಿಷಕ್ಕೊಮ್ಮೆ ನೋಡಲು ಒಬ್ಬರು ಬೇಕು. ಆ ಒಬ್ಬರಿಗೆ ಅದೇ ಹೊತ್ತಿನಲ್ಲಿ ಮೂವತ್ತು ಮಂಚ ಇದ್ದರೆ?

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ನೀವೇ ನೋಡಿದ್ದೀರಿ. ಅಮೆರಿಕದಲ್ಲಿ ಲಿಂಡಾ ಐಕನ್ ಮತ್ತು ಜೊತೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ 7 ಶೇಕಡಾ ಏರುತ್ತಿತ್ತು. ನಾವು ಸಂಘದಲ್ಲಿ ಜನ ಕೊಡಿ ಅಂತ ಕೇಳುವುದು ಇದಕ್ಕೇ. ನಮ್ಮ ಸುಖಕ್ಕಲ್ಲ.

ನೀವು ಮೂರು ಸಲ ಹೋದಾಗ ಆ ಸಿಸ್ಟರ್ ಕೈಯಲ್ಲಿ ಔಷಧಿ ಟ್ರೇ ಇತ್ತಾ? ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳ ಹಿಂದೆಯೇ ನಿಂತು 4,271 ಸಲ ಔಷಧಿ ಕೊಡುವುದನ್ನು ಗಮನಿಸಿದ್ದಾರೆ. ಮಧ್ಯೆ ಒಂದೊಂದು ಸಲ ಮಾತಾಡಿಸಿದಾಗಲೂ ತಪ್ಪು ಸುಮಾರು 12 ಶೇಕಡಾ ಏರಿತ್ತು. ಅದಕ್ಕೇ ಟ್ರೇ ಹಿಡಿದಾಗ ನಾವು "ಆಮೇಲೆ" ಅನ್ನುತ್ತೇವೆ. ಆದರೆ ಆಮೇಲೆ ನಾವೇ ನಿಮ್ಮ ಹತ್ತಿರ ಬರಬೇಕಿತ್ತು. ಅದು ಆಗಿಲ್ಲ. ಮುಂದೆ ಹೀಗಾದರೆ ಒಂದು ಹಾಳೆಯಲ್ಲಿ ಎಲ್ಲ ಮಾತ್ರೆಗಳ ಹೆಸರು ಬರೆದು, ಕೇಸ್ ಶೀಟಿಗೆ ಹಾಕಿ ಅಂತ ಕೊಡಿ. ಪಾಳಿ ಬದಲಾಗುವ ಹೊತ್ತಿಗೆ ಬಾಯಿಮಾತು ಕಳೆದುಹೋಗುತ್ತದೆ, ಹಾಳೆ ಹೋಗುವುದಿಲ್ಲ.

ಇನ್ನೊಂದು ಹೇಳದೆ ಇರಲಾರೆ. ಆ ರೈತರು ಎರಡನೇ ದಿನಕ್ಕೆ ಚೇತರಿಸಿಕೊಂಡಂತೆ ಕಂಡರು. ಇಡ್ಲಿ ತಿಂದರು. ಮನೆಗೆ ಕಳಿಸಿ ಅಂತ ಮನೆಯವರ ಒತ್ತಾಯ. ಆ ರಾತ್ರಿ ಪಾಳಿಯಲ್ಲಿ ಇದ್ದದ್ದು ಕೆಲಸಕ್ಕೆ ಸೇರಿ ಐದು ತಿಂಗಳಾದ ಹುಡುಗಿ. "ತಾತ, ದಿಂಬಿನಿಂದ ಒಂದ್ಸಲ ತಲೆ ಎತ್ತಿ" ಅಂದಳು. ಎತ್ತಲು ಆಗಲಿಲ್ಲ. ಕತ್ತು ಅಲ್ಲೇ ನಡುಗಿ ಬಿದ್ದುಬಿಟ್ಟಿತು. ಒಂದರಿಂದ ಹತ್ತರವರೆಗೆ ಎಣಿಸಿ ಅಂದರೆ ನಾಲ್ಕಕ್ಕೆ ಉಸಿರು ನಿಲ್ಲಿಸಿದರು. ಈ ವಿಷ ತಾಗಿ ಒಂದರಿಂದ ನಾಲ್ಕು ದಿನದ ಒಳಗೆ ಹೀಗೆ ಕತ್ತು, ಉಸಿರಾಟದ ಸ್ನಾಯು ಸೋಲುವುದುಂಟು. ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಅನ್ನುತ್ತಾರೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಈ ಹೆಸರು ಕೊಟ್ಟು ವಿವರಿಸಿದರು. ಅವಳು ಅದನ್ನು ಓದಿದ್ದಳು, ನೆನಪಿಟ್ಟುಕೊಂಡಿದ್ದಳು, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದಳು. ಅರ್ಧ ಗಂಟೆಯಲ್ಲಿ ವೆಂಟಿಲೇಟರಿಗೆ ಹಾಕಿದರು. ಅವರು ಇವತ್ತು ಇದ್ದಾರೆ ಅಂದರೆ ಆ ಒಂದು ಪ್ರಶ್ನೆಯಿಂದ.

ಮಾಲೂರು ಮಗ

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ ಸಿಸ್ಟರ್. ಟ್ರೇ ಇತ್ತೋ ಇಲ್ಲವೋ ನೆನಪಿಲ್ಲ, ಇದ್ದಿರಬಹುದು. ಹಾಳೆ ಬರೆದಿಡುತ್ತೇನೆ.

ನರ್ಸಿಂಗ್ ಮೂರನೇ ವರ್ಷ, ಕೋಲಾರ

ಮೇಡಂ, ನಮಗೆ, ವಿಷ ಕಟ್ಟಿಹಾಕಿದ ಕಿಣ್ವವನ್ನು ಬಿಡಿಸುವ ಪ್ಯಾಮ್ ಇಂಜೆಕ್ಷನ್ ಕೂಡ ಕೊಡಬೇಕು ಅಂತ ಹೇಳಿಕೊಟ್ಟಿದ್ದಾರೆ. ನೀವು ಬರೆದಿಲ್ಲ?

ರಾತ್ರಿಪಾಳಿ ಸಿಸ್ಟರ್, ಕೋಲಾರ

ಕೊಟ್ಟೆವು ಮಗು. ಅದರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹೆಚ್ಚಿನ ಡೋಸನ್ನು ಡ್ರಿಪ್‌ನಲ್ಲಿ ಕೊಟ್ಟಾಗ ಉಪಯೋಗ ಕಂಡಿತು, ಅದು 2006ರಲ್ಲಿ ಪ್ರಕಟವಾಯಿತು. 2009ರಲ್ಲಿ ಬಂದ ಶ್ರೀಲಂಕಾ ಅಧ್ಯಯನದಲ್ಲಿ ಉಪಯೋಗ ಕಾಣಲಿಲ್ಲ. ಡಾಕ್ಟರ್ ಹೇಳಿದರೆ ನಿಧಾನಕ್ಕೆ ಕೊಡು. ಬೇಗ ಕೊಟ್ಟರೆ ವಾಂತಿ, ಎದೆಬಡಿತ ಏರುವುದು ಎಲ್ಲ ಆಗುತ್ತದೆ.

ಚಿಂತಾಮಣಿ ಮಗಳು

ನನ್ನದು ಹೊಲದ ಔಷಧಿ ಅಲ್ಲ, ಮನೆಯ ಔಷಧಿ. ಅಮ್ಮನಿಗೆ ಏಳು ತಿಂಗಳು ಒಣ ಕೆಮ್ಮು. ರಾತ್ರಿ ಮಲಗಿದರೆ ಗಂಟಲಲ್ಲಿ ಏನೋ ಕೆರೆದಂತೆ, ಎದ್ದು ಕೂತು ಕೆಮ್ಮುವುದು. ಮೂರು ತರಹದ ಸಿರಪ್ ಆಯಿತು. ಕಫ ಪರೀಕ್ಷೆ, ಎಕ್ಸ್‌ರೇ ಆಯಿತು. ಟಿಬಿ ಇರಬಹುದು ಅಂತ ಯಾರೋ ಹೇಳಿ, ಅಮ್ಮ ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಮಗು ಕೈ ಚಾಚಿದರೆ ಮುಖ ತಿರುಗಿಸುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಹಳ್ಳಿಗೆ ಬರುವ ಆರೋಗ್ಯ ಕಾರ್ಯಕರ್ತೆ ಒಂದು ದಿನ ಬಿಪಿ ನೋಡಲು ಬಂದರು. ಕೆಮ್ಮು ಕೇಳಿಸಿಕೊಂಡು, "ಅಮ್ಮಾ, ಬಿಪಿ ಮಾತ್ರೆ ಸ್ಟ್ರಿಪ್ ತನ್ನಿ" ಅಂದರು. ಎನಲಾಪ್ರಿಲ್. ಈ ಕೆಮ್ಮಿಗೂ ಇದಕ್ಕೂ ಸಂಬಂಧ ಇರಬಹುದು, ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಡಾಕ್ಟರ್ ಬೇರೆ ಮಾತ್ರೆಗೆ ಬದಲಾಯಿಸಿದರು. ಮೂರನೇ ವಾರಕ್ಕೆ ಕೆಮ್ಮು ಇಲ್ಲ. ಏಳು ತಿಂಗಳಲ್ಲಿ ಅಷ್ಟು ಜನ ಗಂಟಲು ನೋಡಿದರು. ಬೀರುವಿನ ಮೇಲಿದ್ದ ಮಾತ್ರೆ ಡಬ್ಬ ನೋಡಿದವರು ಇವರೊಬ್ಬರೇ.

ಮೆಡಿಕಲ್ ಅಂಗಡಿ, ಬಂಗಾರಪೇಟೆ

ಮೇಡಂ, ಇದು ನಮ್ಮ ಕೌಂಟರಿನಲ್ಲಿ ದಿನಾ ನೋಡುವ ಕಥೆ. ಎನಲಾಪ್ರಿಲ್, ರಾಮಿಪ್ರಿಲ್ ಈ ಜಾತಿಯ ಮಾತ್ರೆಗಳು ಬಿಪಿ ಇಳಿಸಲು ಒಂದು ಕಿಣ್ವವನ್ನು ತಡೆಯುತ್ತವೆ. ಅದೇ ಕಿಣ್ವ ಬ್ರಾಡಿಕೈನಿನ್ ಅನ್ನುವ ವಸ್ತುವನ್ನೂ ಒಡೆಯುತ್ತದೆ. ತಡೆದಾಗ ಅದು ಒಡೆಯದೆ ಉಳಿದು ಗಂಟಲ ನರವನ್ನು ಕೆರಳಿಸುತ್ತದೆ. ಒಳ್ಳೆಯ ಮಾತ್ರೆಯೇ, ಲಕ್ಷಾಂತರ ಜನರನ್ನು ಉಳಿಸಿದೆ. ಕೆಲವರಿಗೆ ಮಾತ್ರ ಆಗುವುದಿಲ್ಲ. ಅಮ್ಲೊಡಿಪಿನ್‌ಗೆ ಕಾಲು ಊದುವುದೂ ಹೀಗೆ. ಊತಕ್ಕೆ ಅಂತ ಮೂತ್ರ ಹೋಗುವ ಮಾತ್ರೆ ಸೇರಿಸುತ್ತಾರೆ, ಅದರಿಂದ ಸುಸ್ತು, ಸುಸ್ತಿಗೆ ಟಾನಿಕ್. ಒಂದರ ಬಾಲ ಹಿಡಿದು ಇನ್ನೊಂದು.

ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ನೀರು ಕುಡಿದು ಮಂಡಿ, ಸೊಂಟ ನೋವು ಜಾಸ್ತಿ. ಚೀಟಿ ಇಲ್ಲದೆ ನೋವಿನ ಮಾತ್ರೆ ಕೇಳಿ ಬರುತ್ತಾರೆ. ನಾನು ಮೊದಲು ಕೇಳುವುದು ಬಿಪಿ ಮಾತ್ರೆ ಯಾವುದು ಅಂತ. ಎನಲಾಪ್ರಿಲ್ ಜಾತಿಯ ಮಾತ್ರೆ, ಮೂತ್ರ ಹೋಗುವ ಮಾತ್ರೆ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿಗೆ ಪೆಟ್ಟು. ಬೇಸಿಗೆಯಲ್ಲಿ ಮೈಯಲ್ಲಿ ನೀರು ಕಡಿಮೆಯಾದಾಗ ಇನ್ನೂ ಜಾಸ್ತಿ.

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಔಷಧಿಯಿಂದ ತೊಂದರೆ ಆಯಿತು ಅಂತ ಅನುಮಾನ ಬಂದರೆ ಅದನ್ನು ಸರ್ಕಾರಕ್ಕೆ ತಿಳಿಸುವ ವ್ಯವಸ್ಥೆ 2010ರಿಂದ ಇದೆ. ಭಾರತೀಯ ಔಷಧ ನಿಗಾ ಕಾರ್ಯಕ್ರಮ ಅಂತ. ಗಾಜಿಯಾಬಾದ್‌ನಲ್ಲಿ ಅದರ ಕೇಂದ್ರ. ಫೋನ್ 1800-180-3024, ದುಡ್ಡು ಇಲ್ಲ. ಡಾಕ್ಟರೇ ಹೇಳಬೇಕು ಅಂತಿಲ್ಲ. ನರ್ಸ್, ಫಾರ್ಮಸಿಸ್ಟ್, ರೋಗಿ, ರೋಗಿಯ ಮಗಳು ಯಾರು ಬೇಕಾದರೂ ತಿಳಿಸಬಹುದು. ಜನಸಾಮಾನ್ಯರ ಫಾರ್ಮ್ ಕನ್ನಡದಲ್ಲೂ ಇದೆ. ಖಚಿತ ಪುರಾವೆ ಬೇಕಿಲ್ಲ, ಅನುಮಾನ ಸಾಕು. 1961ರಲ್ಲಿ ಆಸ್ಟ್ರೇಲಿಯಾದ ಒಬ್ಬ ಡಾಕ್ಟರ್, ಥಾಲಿಡೊಮೈಡ್ ತಿಂದ ತಾಯಂದಿರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿವೆ, ನೀವು ಯಾರಾದರೂ ನೋಡಿದ್ದೀರಾ ಅಂತ ಲ್ಯಾನ್ಸೆಟ್ ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದರು. ಜರ್ಮನಿಯಲ್ಲೂ ಒಬ್ಬರು ಅದೇ ಹೊತ್ತಿಗೆ ಅದನ್ನೇ ಹೇಳಿದರು. ಇವತ್ತು ಜಗತ್ತಿನ ಈ ಎಲ್ಲ ನಿಗಾ ವ್ಯವಸ್ಥೆಗೆ ದಾರಿ ಆದದ್ದು ಆ ಮಾತುಗಳು.

ಚಿಂತಾಮಣಿ ಮಗಳು

ಈಗಷ್ಟೇ ಆ ನಂಬರ್ ಬರೆದುಕೊಂಡೆ. ಅಮ್ಮನ ಕೆಮ್ಮು ಹೋಗಿ ವರ್ಷ ಆಗುತ್ತಾ ಬಂತು. ಆದರೂ ತಿಳಿಸುತ್ತೇನೆ.

ಹೆಸರು ಬೇಡ

ಸಿಸ್ಟರ್, ಒಂದು ಕೇಳಲೋ ಬೇಡವೋ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೆ. ಬೇಕಂತಲೇ ಕುಡಿದವರ ಮನೆಯವರು ಬಾಟಲಿ ತರುತ್ತಾರಾ? ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರುತ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಗಿತ್ತು. ಬಾಟಲಿಯನ್ನು ಬಾವಿಗೆ ಎಸೆದಿದ್ದೆವು.

ರಾತ್ರಿಪಾಳಿ ಸಿಸ್ಟರ್, ಕೋಲಾರ

ಕೇಳಿದ್ದು ಒಳ್ಳೆಯದಾಯಿತು. ಹೆದರಿಕೆಯಲ್ಲಿ ಮಾಡಿದ್ದು, ಅದಕ್ಕೆ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಬೇಡಿ.

ಹೌದು, ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಅವರಿಗೆ ಶಿಕ್ಷೆ ಕೊಡಬಾರದು. ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಆದ್ದರಿಂದ ಬಾಟಲಿ ಮುಚ್ಚಿಡಬೇಡಿ. ಯಾವ ಹೊತ್ತಿನಲ್ಲಿ ಅಂತಲೂ ಹೇಳಿ. ನಾವು ಬೈಯಲು ಕೇಳುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಭಾರ ಆಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ವಿಷದ ಬಗ್ಗೆ ಕೇಳಲು ದೆಹಲಿ ಏಮ್ಸ್‌ನ ಮಾಹಿತಿ ಕೇಂದ್ರ 1800-116-117, ಅದೂ 24 ಗಂಟೆ.

ಬಾಟಲಿ ಮಾತು ಬಂದಿದ್ದಕ್ಕೆ ಇನ್ನೊಂದು. ಹೊಲದ ಔಷಧಿಯನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಬಗ್ಗಿಸಿ ಇಡಬೇಡಿ. ಖಾಲಿ ಡಬ್ಬವನ್ನು ಅಡುಗೆಮನೆಗೆ ತರಬೇಡಿ. 2013ರ ಜುಲೈನಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಹೋದರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಸೇರಿತ್ತು.

ಮುಳಬಾಗಿಲು ಟೊಮೆಟೊ

ಅಕ್ಕ, ಎಲ್ಲ ಓದಿದ ಮೇಲೂ ರೈತನ ಬುದ್ಧಿ ಒಂದು ಕಡೆಗೇ ಹೋಗುತ್ತಿದೆ. ಬೆಳಿಗ್ಗೆ 2,4-ಡಿ ಹೊಡೆದ ಪಂಪಿನಲ್ಲೇ ಮಧ್ಯಾಹ್ನ ಟೊಮೆಟೊಗೆ ಹೊಡೆದರು ಅಂದಿರಿ. ಆ ಟೊಮೆಟೊ ಏನಾಯಿತು? ನಮ್ಮಲ್ಲಿ ಹೋದ ವರ್ಷ ಬದುವಿನ ಕಡೆಯ ನಾಲ್ಕು ಸಾಲು ಎಲೆ ಸಣ್ಣಗಾಗಿ, ಹುರಿ ಹೊಸೆದಂತೆ ತಿರುಚಿಕೊಂಡಿತ್ತು. ನಂಜುರೋಗ ಅಂತ, ಅದನ್ನು ಹರಡುವ ಬಿಳಿನೊಣಕ್ಕೆ ಮೂರು ಸಲ ಹೊಡೆದೆ. ಸಸಿ ಕೊಟ್ಟ ನರ್ಸರಿಯವರ ಜೊತೆ ಜಗಳವನ್ನೂ ಆಡಿದೆ. ಈಗ ಅನ್ನಿಸುತ್ತಿದೆ, ಬದುವಿನ ಆಚೆ ರಾಗಿ ಇತ್ತು.

ಕೃಷಿ ಓದುವ ಹುಡುಗಿ, ಚಿಕ್ಕಬಳ್ಳಾಪುರ

ಅಣ್ಣ, ಒಂದೇ ಕಡೆಯ ಸಾಲುಗಳಿಗೆ ಒಂದೇ ಸಲ ಆಗಿದ್ದರೆ ಗಾಳಿಯಲ್ಲಿ ಬಂದದ್ದೇ ಇರಬೇಕು. ನಂಜುರೋಗ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹರಡುತ್ತದೆ. 2,4-ಡಿಯಲ್ಲಿ ಈಸ್ಟರ್ ರೂಪದ್ದು ಹೊಡೆದ ಮೇಲೂ ಆವಿಯಾಗಿ ಹೋಗಿ ಪಕ್ಕದ ಹೊಲ ಸೇರುತ್ತದೆ. ಪಂಪಿನ ವಿಷಯಕ್ಕೆ ಬಂದರೆ, ಎಷ್ಟು ತೊಳೆದರೂ ಪೈಪಿನಲ್ಲಿ, ವಾಷರಿನಲ್ಲಿ ಉಳಿಯುತ್ತದೆ. ಟೊಮೆಟೊಗೆ ಅಷ್ಟು ಸಾಕು. ಕಳೆಗೆ ಬೇರೆ ಪಂಪೇ ಇರಬೇಕು, ಬಣ್ಣ ಬಳಿದು ಗುರುತು ಮಾಡಿ.

ರಾತ್ರಿಪಾಳಿ ಸಿಸ್ಟರ್, ಕೋಲಾರ

ಮುಳಬಾಗಿಲು ತಮ್ಮ, ನೀನು ಕೇಳಿದ್ದು ಸರಿಯಾಗಿದೆ. ಅವರು ಮೊನ್ನೆ ತೋರಿಸಿಕೊಳ್ಳಲು ಬಂದಿದ್ದರು. ಮಗನನ್ನು ಕೇಳಿದೆ. ಮೊದಲು ಹೊಡೆದ ಆರು ಸಾಲು ಪೂರ್ತಿ ತಿರುಚಿಕೊಂಡು ಹೋಯಿತಂತೆ. ಉಳಿದದ್ದರಲ್ಲಿ ಕಾಯಿ ಹಿಡಿದಿದೆ. ಆರು ದಿನ ವೆಂಟಿಲೇಟರಿನಲ್ಲಿ ಇದ್ದವರು ಈಗ ತಾವೇ ನಡೆದುಕೊಂಡು ಬಂದರು. ಮಾತು ಸ್ವಲ್ಪ ಒರಟಾಗಿದೆ, ಗಂಟಲಿಗೆ ಟ್ಯೂಬ್ ಹಾಕಿದ್ದರಿಂದ.

ಆಯಮ್ಮ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಗಂಟು ಬಿಚ್ಚಿ ನನ್ನ ಟೇಬಲ್ ಮೇಲೆ ಇಟ್ಟರು. ಒಂದು ಸ್ಟ್ರಿಪ್. ಬಾಟಲಿಯಿಂದ ಮಗ ಕಿತ್ತುಕೊಟ್ಟ ಲೇಬಲ್ ಎರಡು, ಪ್ಲಾಸ್ಟಿಕ್ ಕವರಿನೊಳಗೆ. ಆಯಮ್ಮನಿಗೆ ಓದಲು ಬರುವುದಿಲ್ಲ. ಒಂದೊಂದರ ಮೇಲೂ ಬೆರಳಿಟ್ಟು ಹೇಳಿದರು: "ಇದು ಹುಳಕ್ಕೆ. ಇದು ಕಳೆಗೆ. ಇದು ಇವರಿಗೆ."